‘ಟೇಬಲ್’ ಅಂದರೆ ಮೇಜು ಮಾತ್ರವಲ್ಲ: ಎಲ್ಲಿ ಯಾವ ಅರ್ಥ, ಕನ್ನಡದಲ್ಲಿ ಏನು ಬರೆಯೋಣ?

ಕರಡು_ತಿದ್ದುವವಳು

ಎಲ್ಲರಿಗೂ ನಮಸ್ಕಾರ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ಲೇಖನಗಳ ಕರಡು ತಿದ್ದುವುದು ನನ್ನ ಕೆಲಸ. ಅನುವಾದಕರನ್ನು ಎಡವಿಸುವುದು ದೊಡ್ಡ ದೊಡ್ಡ ಪಾರಿಭಾಷಿಕ ಪದಗಳಲ್ಲ. ಅಂಥವಕ್ಕೆ ಎಲ್ಲರೂ ನಿಘಂಟು ತೆಗೆಯುತ್ತಾರೆ. ಎಡವಿಸುವುದು ಮನೆಯೊಳಗಿನ ಸಣ್ಣ ಪದಗಳು. ಅವು ಗೊತ್ತೇ ಇವೆಯಲ್ಲ ಅಂತ ಯಾರೂ ನಿಘಂಟಿನ ಕಡೆ ತಲೆ ಹಾಕುವುದಿಲ್ಲ.

ನನ್ನ ಪ್ರಕಾರ ಈ ಸಾಲಿನ ಮೊದಲ ಪದ ‘ಟೇಬಲ್’. ಇಂಥ ವಾಕ್ಯಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ:

‘ಸಮಿತಿಯು ವರದಿಯನ್ನು ಮೇಜಿಗೆ ಹಾಕಿತು.’
‘ಮಳೆಯಿಲ್ಲದೆ ನೀರಿನ ಕೋಷ್ಟಕ ಕುಸಿದಿದೆ.’
‘ಕೊನೆಯ ಹತ್ತು ನಿಮಿಷದಲ್ಲಿ ತಂಡವು ಮೇಜುಗಳನ್ನು ತಿರುಗಿಸಿತು.’

ವ್ಯಾಕರಣದ ಪ್ರಕಾರ ಮೂರೂ ಸರಿ. ಓದಿದವರಿಗೆ ಮಾತ್ರ ಏನೂ ತಿಳಿಯುವುದಿಲ್ಲ. ಬೇಸರ ಯಾಕೆಂದರೆ, ಇಲ್ಲಿ ಬೇಕಾದ ಪದಗಳೆಲ್ಲ ಕನ್ನಡದಲ್ಲಿ ಆಗಲೇ ಇವೆ. ಇಂಗ್ಲಿಷು ಒಂದೇ ಪದದಲ್ಲಿ ತುಂಬಿಟ್ಟದ್ದನ್ನು ನಾವು ಮೇಜು, ಮಗ್ಗಿ, ಕೋಷ್ಟಕ, ಪರಿವಿಡಿ, ವೇಳಾಪಟ್ಟಿ, ಮಟ್ಟ, ಮಂಡಿಸು ಅಂತ ಬಿಡಿಬಿಡಿಯಾಗಿ ಹೇಳುತ್ತೇವೆ. ಹಾಗಾಗಿ ‘ಟೇಬಲ್’ಗೆ ಒಂದು ಸಮಾನಪದ ಹುಡುಕುತ್ತಾ ಕೂರುವುದೇ ದಾರಿ ತಪ್ಪಿದ ಕೆಲಸ ಅಂತ ನನ್ನ ನಂಬಿಕೆ. ನಿಮ್ಮ ನಿಮ್ಮ ಕೆಲಸದಲ್ಲಿ ಈ ಪದ ಯಾವ ಅರ್ಥದಲ್ಲಿ ಬರುತ್ತದೆ, ಅಲ್ಲಿ ನೀವು ಏನು ಬಳಸುತ್ತೀರಿ ಅಂತ ಬರೆಯಿರಿ. ಒಂದೇ ಕಡೆ ಸಿಕ್ಕರೆ ಎಲ್ಲರಿಗೂ ಉಪಯೋಗ.

ಹಳೆ_ನಿಘಂಟು

ಒಳ್ಳೆಯ ವಿಷಯ ಎತ್ತಿದಿರಿ. ಮೊದಲು ಪದದ ಬೇರು ಹೇಳಿಬಿಡುತ್ತೇನೆ. ಅದು ತಿಳಿದರೆ ಉಳಿದದ್ದು ಅರ್ಧ ತಾನಾಗಿ ಬಿಡಿಸಿಕೊಳ್ಳುತ್ತದೆ.

‘ಟೇಬಲ್’ ಬಂದದ್ದು ಲ್ಯಾಟಿನ್ನಿನ ‘ಟಾಬುಲಾ’ದಿಂದ. ಅದರ ಅರ್ಥ ಹಲಗೆ. ಊಟದ ಮೇಜಿಗೆ ರೋಮನ್ನರಲ್ಲಿ ಬೇರೆಯೇ ಪದ ಇತ್ತು, ‘ಮೆನ್ಸಾ’. ಟಾಬುಲಾ ಅಂದರೆ ಮುಖ್ಯವಾಗಿ ಬರೆಯುವ ಹಲಗೆ. ಮರದ ಹಲಗೆಯ ನಡುವೆ ಸ್ವಲ್ಪ ತಗ್ಗು ಕೊರೆದು, ಅದರಲ್ಲಿ ಮೇಣ ತುಂಬಿ, ಮೊನಚಾದ ಕಡ್ಡಿಯಿಂದ ಗೀಚಿ ಬರೆಯುತ್ತಿದ್ದರು. ಕಡ್ಡಿಯ ಇನ್ನೊಂದು ತುದಿ ಚಪ್ಪಟೆ ಇರುತ್ತಿತ್ತು. ಅದರಿಂದ ಮೇಣವನ್ನು ಸವರಿದರೆ ಬರೆದದ್ದು ಅಳಿಸಿಹೋಗಿ ಹಲಗೆ ಮತ್ತೆ ಹೊಸದಾಗುತ್ತಿತ್ತು. ತತ್ತ್ವಶಾಸ್ತ್ರದಲ್ಲಿ ಬರುವ ‘ಟಾಬುಲಾ ರಾಸಾ’ ಇದೇ, ಸವರಿದ ಹಲಗೆ. ಏನೂ ಬರೆಯದ ಮನಸ್ಸು ಅನ್ನುವ ಅರ್ಥ.

ಕ್ರಿ.ಪೂ. 450ರ ಸುಮಾರಿನ ರೋಮನ್ ಕಾನೂನನ್ನು ‘ಟ್ವೆಲ್ವ್ ಟೇಬಲ್ಸ್’ ಅನ್ನುತ್ತಾರೆ. ಅದನ್ನು ‘ಹನ್ನೆರಡು ಮೇಜುಗಳು’ ಅಂತ ಬರೆದರೆ ಹೇಗಿರುತ್ತದೆ ನೋಡಿ. ಅವು ಕಾನೂನು ಬರೆದ ಹನ್ನೆರಡು ಫಲಕಗಳು.

ಹಲಗೆಯ ಮೇಲೆ ಏನು ಬರೆಯುತ್ತಿದ್ದರೋ ಅದಕ್ಕೂ ಹಲಗೆಯ ಹೆಸರೇ ಅಂಟಿಕೊಂಡಿತು. ಪಟ್ಟಿ, ಲೆಕ್ಕ, ಕೋಷ್ಟಕ ಎಲ್ಲ ಆ ಕಡೆಯಿಂದ ಬಂದವು. ಚಪ್ಪಟೆಯಾದ ಹಲಗೆ ಅನ್ನುವ ಅರ್ಥ ಇನ್ನೊಂದು ಕಡೆ ಬೆಳೆದು, ಕಾಲಿರುವ ಮೇಜು, ಬೆಟ್ಟದ ಚಪ್ಪಟೆ ತಲೆ, ವಜ್ರದ ಮೇಲಿನ ಮುಖ ಅಂತೆಲ್ಲ ಆಯಿತು. ಇಂಗ್ಲಿಷಿನಲ್ಲಿ ಪೀಠೋಪಕರಣದ ಅರ್ಥ ನೆಲೆ ನಿಂತದ್ದು ಸುಮಾರು 1300ರ ಹೊತ್ತಿಗೆ. ಅಂದರೆ ನಾವು ಮೂಲ ಅಂದುಕೊಂಡದ್ದೇ ಆಮೇಲೆ ಬಂದದ್ದು.

ಹೊಸ_ಓದುಗ

ಸರ್, ಹಾಗಾದರೆ ಅದಕ್ಕೂ ಮೊದಲು ಇಂಗ್ಲಿಷಿನವರು ಊಟದ ಮೇಜಿಗೆ ಏನು ಅನ್ನುತ್ತಿದ್ದರು?

ಹಳೆ_ನಿಘಂಟು

‘ಬೋರ್ಡ್’ ಅನ್ನುತ್ತಿದ್ದರು. ಈಗ ಆ ಅರ್ಥ ಮರೆಯಾಗಿದೆ. ಆದರೆ ಅದರ ಮಕ್ಕಳು ಇನ್ನೂ ಓಡಾಡುತ್ತಿವೆ. ‘ಬೋರ್ಡಿಂಗ್ ಸ್ಕೂಲ್’ನಲ್ಲಿರುವ ಬೋರ್ಡ್ ಅಂದರೆ ಊಟ. ‘ಬೋರ್ಡ್ ಆಫ್ ಡೈರೆಕ್ಟರ್ಸ್’ ಅಂದರೆ ಒಂದು ಮೇಜಿನ ಸುತ್ತ ಕೂರುವ ಜನ, ಕನ್ನಡದಲ್ಲಿ ಮಂಡಳಿ. ‘ಕಪ್‌ಬೋರ್ಡ್’ ಮೊದಲು ಬಾಗಿಲಿರುವ ಬೀರು ಆಗಿರಲಿಲ್ಲ, ಬಟ್ಟಲುಗಳನ್ನು ಕಾಣುವ ಹಾಗೆ ಜೋಡಿಸಿಡುವ ಮೇಜು ಆಗಿತ್ತು. ಹಡಗು ಹತ್ತುವ ‘ಬೋರ್ಡಿಂಗ್’ ಮಾತ್ರ ಊಟದ ಮೇಜಿನಿಂದ ಬಂದದ್ದಲ್ಲ, ಹಡಗಿನ ಪಕ್ಕದ ಹಲಗೆಯಿಂದ ಬಂದದ್ದು.

ಬೋರ್ಡ್ ಬಗ್ಗೆ ಬರೆಯುತ್ತಾ ಹೋದರೆ ಬೇರೆ ಚರ್ಚೆಯೇ ಆಗುತ್ತದೆ. ಟೇಬಲ್‌ಗೆ ವಾಪಸ್ ಬರೋಣ.

ಸದನ_ವರದಿ

ಮೊದಲ ವಾಕ್ಯದ ಬಗ್ಗೆ ನಾನು ಬರೆಯುತ್ತೇನೆ. ಇದು ಬರೀ ಚಂದದ ಪ್ರಶ್ನೆ ಅಲ್ಲ, ಸುದ್ದಿಯೇ ತಲೆಕೆಳಗಾಗುವ ಪ್ರಶ್ನೆ.

‘ಟೇಬಲ್’ ಕ್ರಿಯಾಪದವಾಗಿ ಬಂದಾಗ ಬ್ರಿಟನ್ನಿನಲ್ಲಿ ಒಂದು ಅರ್ಥ, ಅಮೆರಿಕದಲ್ಲಿ ಅದಕ್ಕೆ ನೇರ ವಿರುದ್ಧ ಅರ್ಥ. ಬ್ರಿಟಿಷ್ ಬಳಕೆಯಲ್ಲಿ ಒಂದು ಪ್ರಸ್ತಾವವನ್ನು ಟೇಬಲ್ ಮಾಡುವುದು ಅಂದರೆ ಚರ್ಚೆಗೆ ಮುಂದಿಡುವುದು. ಕನ್ನಡದಲ್ಲಿ ‘ಮಂಡಿಸು’. ಅಮೆರಿಕದಲ್ಲಿ ಟೇಬಲ್ ಮಾಡುವುದು ಅಂದರೆ ಚರ್ಚೆಯಿಂದ ತೆಗೆದು ಬದಿಗಿಡುವುದು. 1876ರಲ್ಲಿ ಹೆನ್ರಿ ಮಾರ್ಟಿನ್ ರಾಬರ್ಟ್ ಅಲ್ಲಿನ ಸಭೆಗಳಿಗಾಗಿ ಬರೆದ ನಿಯಮಗಳಲ್ಲಿ ‘ಲೇ ಆನ್ ದಿ ಟೇಬಲ್’ ಅಂದರೆ ತಾತ್ಕಾಲಿಕವಾಗಿ ಪಕ್ಕಕ್ಕಿಡುವುದು. ಅಮೆರಿಕದ ಪ್ರತಿನಿಧಿಗಳ ಸಭೆಯಲ್ಲಂತೂ ಹಾಗೆ ಪಕ್ಕಕ್ಕಿಟ್ಟರೆ ಆ ವಿಷಯದ ಕಥೆ ಅಲ್ಲಿಗೇ ಮುಗಿದಂತೆ.

ಎರಡನೇ ಮಹಾಯುದ್ಧದ ಸಮಯದಲ್ಲಿ ಇದರಿಂದ ನಿಜವಾಗಿಯೂ ಜಗಳ ಆಗಿತ್ತು. ಬ್ರಿಟಿಷ್ ಸೇನಾಧಿಕಾರಿಗಳು ಒಂದು ಪತ್ರ ತಯಾರಿಸಿ, ತುರ್ತಾಗಿ ಟೇಬಲ್ ಮಾಡಬೇಕು ಅಂದರು. ಅಮೆರಿಕದವರು ಬೇಡವೇ ಬೇಡ, ಇದು ಮುಖ್ಯವಾದ ವಿಷಯ ಅಂತ ಪಟ್ಟು ಹಿಡಿದರು. ತುಂಬಾ ಹೊತ್ತು ಬಿಸಿಬಿಸಿ ಮಾತು ನಡೆದ ಮೇಲೆ ಇಬ್ಬರಿಗೂ ಬೇಕಾಗಿದ್ದು ಒಂದೇ ಅಂತ ಗೊತ್ತಾಯಿತು. ಇದನ್ನು ವಿನ್‌ಸ್ಟನ್ ಚರ್ಚಿಲ್ ತಮ್ಮ ಯುದ್ಧಕಾಲದ ನೆನಪುಗಳಲ್ಲಿ ದಾಖಲಿಸಿದ್ದಾರೆ.

ಹಾಗಾಗಿ ಇಂಗ್ಲಿಷ್ ಸುದ್ದಿ ಎಲ್ಲಿಂದ ಬಂದಿದೆ ಅಂತ ಮೊದಲು ನೋಡಬೇಕು. ಅಮೆರಿಕದ ನಗರಸಭೆಯೋ ಶಾಲಾ ಮಂಡಳಿಯೋ ಆಗಿದ್ದರೆ ‘ಮುಂದೂಡಿತು’ ಅಥವಾ ‘ಬದಿಗಿಟ್ಟಿತು’. ಬ್ರಿಟನ್ನಿನದ್ದಾದರೆ ‘ಮಂಡಿಸಿತು’. ಅನುಮಾನ ಇದ್ದರೆ ಮುಂದಿನ ವಾಕ್ಯ ಓದಿ. ಮತ ಹಾಕಿದರು, ತಿದ್ದುಪಡಿ ಸೂಚಿಸಿದರು ಅಂತಿದ್ದರೆ ಮಂಡಿಸಿದ್ದಾರೆ. ಮತ್ತೆ ಯಾವಾಗ ತೆಗೆದುಕೊಳ್ಳುತ್ತಾರೆ ಅಂತ ಇದ್ದರೆ ಬದಿಗಿಟ್ಟಿದ್ದಾರೆ.

ಭಾರತದ ಸಂಸತ್ತು ಬ್ರಿಟಿಷ್ ರೂಢಿಯನ್ನೇ ಪಾಲಿಸುತ್ತದೆ. ಅಲ್ಲಿ ‘ಸದನದ ಮೇಜಿನ ಮೇಲೆ ಇಡಲಾಯಿತು’ ಅಂತ ಬಂದಾಗ ಅದು ಬರೀ ನುಡಿಗಟ್ಟಲ್ಲ. ಸಭಾಧ್ಯಕ್ಷರ ಪೀಠದ ಮುಂದೆ ನಿಜವಾದ ಮೇಜು ಇದೆ. ಆ ವಾಕ್ಯದಲ್ಲಿ ಮೇಜು ಅಂತಲೇ ಬರೆಯಬಹುದು.

ಕರಡು_ತಿದ್ದುವವಳು

ತುಂಬಾ ಉಪಕಾರವಾಯಿತು. ಮುಂದಿನ ವಾಕ್ಯ ಓದಿ ಅಂದಿರಲ್ಲ, ಅದನ್ನು ಎಲ್ಲ ಅನುವಾದಕರಿಗೂ ಕಳಿಸುತ್ತೇನೆ.

ಲೆಕ್ಕದ_ಮೇಷ್ಟ್ರು

ನಾನು ಪಾಠ ಮಾಡುವಾಗ ಮಕ್ಕಳಿಗೆ ಹೇಳುವ ಒಂದು ವ್ಯತ್ಯಾಸ ಇಲ್ಲಿ ಹೇಳಬೇಕು. ಪಟ್ಟಿ ಬೇರೆ, ಕೋಷ್ಟಕ ಬೇರೆ. ಇಂಗ್ಲಿಷು ಕೆಲವೊಮ್ಮೆ ಎರಡಕ್ಕೂ ಟೇಬಲ್ ಅನ್ನುತ್ತದೆ.

ಪಟ್ಟಿ ಒಂದೇ ದಿಕ್ಕಿಗೆ ಓಡುತ್ತದೆ. ಕೋಷ್ಟಕಕ್ಕೆ ಅಡ್ಡಸಾಲು, ಕಂಬಸಾಲು ಎರಡೂ ಬೇಕು. ಎರಡೂ ಸೇರುವ ಮನೆಯಲ್ಲಿ ಏನಿದೆ ಅನ್ನುವುದೇ ಕೋಷ್ಟಕದ ಜೀವ. ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಕೋಷ್ಟಕದಲ್ಲಿ ಮನೆ ಖಾಲಿ ಬಿದ್ದಿರುತ್ತದೆ, ಕಣ್ಣಿಗೆ ಹೊಡೆಯುತ್ತದೆ.

ಇದಕ್ಕೆ ಆವರ್ತ ಕೋಷ್ಟಕಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1869ರಲ್ಲಿ ರಷ್ಯಾದ ಮೆಂಡಲೀವ್ ಆಗ ಗೊತ್ತಿದ್ದ ಧಾತುಗಳನ್ನು ಜೋಡಿಸಿದಾಗ ಕೆಲವು ಮನೆಗಳು ಖಾಲಿ ಉಳಿದವು. ಅವರು ಅವನ್ನು ಮುಚ್ಚಿಹಾಕಲಿಲ್ಲ. ಇಲ್ಲಿ ಇನ್ನೂ ಸಿಗದ ಧಾತು ಇದೆ ಅಂದರು, ಅದರ ಗುಣಗಳನ್ನೂ ಮೊದಲೇ ಬರೆದಿಟ್ಟರು. 1875ರಲ್ಲಿ ಫ್ರಾನ್ಸಿನಲ್ಲಿ ಗ್ಯಾಲಿಯಂ ಸಿಕ್ಕಿತು. ಕಂಡುಹಿಡಿದವರು ಅದರ ಸಾಂದ್ರತೆ 4.7 ಅಂತ ಪ್ರಕಟಿಸಿದರು. ಮೆಂಡಲೀವ್ ಆ ಲೋಹವನ್ನು ಕಣ್ಣಲ್ಲೂ ನೋಡಿರಲಿಲ್ಲ. ಆದರೂ ಇಲ್ಲ, 5.9ರ ಹತ್ತಿರ ಇರಬೇಕು, ಮತ್ತೆ ಅಳೆಯಿರಿ ಅಂದರು. ಶುದ್ಧ ಮಾಡಿ ಮತ್ತೆ ಅಳೆದಾಗ 5.9 ಬಂತು. ಆಮೇಲೆ 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕು ಇನ್ನೆರಡು ಮನೆ ತುಂಬಿದವು. ಅದು ಬರೀ ಧಾತುಗಳ ಪಟ್ಟಿ ಆಗಿದ್ದರೆ ಇದು ಸಾಧ್ಯವೇ ಇರಲಿಲ್ಲ. ಅದಕ್ಕೇ ‘ಆವರ್ತಕ ಪಟ್ಟಿ’ ಅಂತ ಯಾರಾದರೂ ಬರೆದರೆ ನನಗೆ ಕೈ ಕಟ್ಟಿ ಕೂರಲು ಆಗುವುದಿಲ್ಲ.

ಗುಣಾಕಾರದ ಟೇಬಲ್‌ಗೆ ‘ಮಗ್ಗಿ’ ಇದೆ. ಇದಕ್ಕಿಂತ ಚಂದದ ಪದ ಬೇಕೇ? ‘ಗುಣಾಕಾರ ಕೋಷ್ಟಕ’ ಅಂತ ಬರೆಯಲೇಬೇಕಾದದ್ದು ಒಂದೇ ಕಡೆ. ಹತ್ತು ಅಡ್ಡಸಾಲು, ಹತ್ತು ಕಂಬಸಾಲಿನ ಚೌಕವನ್ನು ಒಟ್ಟಿಗೆ ತೋರಿಸುವಾಗ. ಬಾಯಿಪಾಠ ಮಾಡುವುದು ಯಾವತ್ತೂ ಮಗ್ಗಿಯೇ.

ಲಾಗರಿತಮ್ ಟೇಬಲ್ ಕೋಷ್ಟಕ. ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಮೊದಲನೆಯದನ್ನು 1614ರಲ್ಲಿ ಪ್ರಕಟಿಸಿದರು. ಹೆನ್ರಿ ಬ್ರಿಗ್ಸ್ 1624ರಲ್ಲಿ 30,000 ಸಂಖ್ಯೆಗಳಿಗೆ 14 ದಶಮಾಂಶ ಸ್ಥಾನದವರೆಗೆ ಲೆಕ್ಕ ಹಾಕಿ ಕೊಟ್ಟರು, ಎಲ್ಲಾ ಕೈಲೆಕ್ಕ.

ವಿಮೆಯವರ ‘ಲೈಫ್ ಟೇಬಲ್’ ನೋಡಿ ‘ಜೀವನದ ಮೇಜು’ ಅಂತ ಯಾರೂ ಬರೆಯಬೇಡಿ. ಯಾವ ವಯಸ್ಸಿನಲ್ಲಿ ಎಷ್ಟು ಜನ ಬದುಕಿರುತ್ತಾರೆ ಅನ್ನುವ ಕೋಷ್ಟಕ ಅದು. ಧೂಮಕೇತುವಿಗೆ ಹೆಸರು ಕೊಟ್ಟ ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲಾವ್ ನಗರದ ಜನನ, ಮರಣದ ಲೆಕ್ಕದಿಂದ ಅಂಥದ್ದೊಂದನ್ನು ಮಾಡಿದ್ದರು. ‘ಆಯುಷ್ಯ ಕೋಷ್ಟಕ’ ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಹೊಸ_ಓದುಗ

ಮೇಷ್ಟ್ರೇ, ಹಾಗಾದರೆ ಪುಸ್ತಕದ ‘ಟೇಬಲ್ ಆಫ್ ಕಂಟೆಂಟ್ಸ್’ ಪಟ್ಟಿನೋ ಕೋಷ್ಟಕನೋ?

ಲೆಕ್ಕದ_ಮೇಷ್ಟ್ರು

ಪಟ್ಟಿ. ಕನ್ನಡದಲ್ಲಿ ‘ಪರಿವಿಡಿ’ ಅಂತಾರೆ. ‘ವಿಷಯ ಕೋಷ್ಟಕ’ ಬೇಡ. ಇನ್ನೊಂದು ಕಡೆ ಇದರ ತಿರುಗುಮುರುಗು ಇದೆ. ತರಗತಿಯ ‘ಟೈಮ್‌ಟೇಬಲ್’ ನಿಜಕ್ಕೂ ಕೋಷ್ಟಕ, ವಾರ ಒಂದು ಕಡೆ, ಗಂಟೆ ಇನ್ನೊಂದು ಕಡೆ. ಆದರೆ ಕನ್ನಡದಲ್ಲಿ ವೇಳಾಪಟ್ಟಿ ಅಂತ ನಿಂತುಬಿಟ್ಟಿದೆ. ನಿಂತದ್ದನ್ನು ಕದಲಿಸುವುದು ಬೇಡ. ಆಟದ ಲೀಗುಗಳಲ್ಲಿ ಬರುವ ‘ಪಾಯಿಂಟ್ಸ್ ಟೇಬಲ್’ ಕೂಡ ಅಂಕಪಟ್ಟಿ ಆಗಿದೆ.

ಕೋಡ್_ಬರೆಯುವವ

ನಮ್ಮ ಕಡೆ ಟೇಬಲ್ ಅಂದರೆ ಕೋಷ್ಟಕವೇ, ಅದರಲ್ಲಿ ತಕರಾರಿಲ್ಲ. 1970ರಲ್ಲಿ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಮಾಹಿತಿಯನ್ನು ಹೇಗೆ ಜೋಡಿಸಿಡಬೇಕು ಅಂತ ಒಂದು ಪ್ರಬಂಧ ಬರೆದರು. ಇವತ್ತಿನ ಬಹುಪಾಲು ಡೇಟಾಬೇಸ್‌ಗಳು ಅದರ ಮೇಲೆ ನಿಂತಿವೆ. ಅವರು ಬಳಸಿದ ಗಣಿತದ ಪದ ‘ರಿಲೇಶನ್’. ಕೆಲಸ ಮಾಡುವವರ ಬಾಯಲ್ಲಿ ಅದು ಟೇಬಲ್ ಆಯಿತು.

ತೊಂದರೆ ಬರುವುದು ಆ್ಯಪ್‌ಗಳನ್ನು ಕನ್ನಡಕ್ಕೆ ತರುವಾಗ. ಅನುವಾದಕರಿಗೆ ಪರದೆ ತೋರಿಸುವುದಿಲ್ಲ. ಬರೀ ಸಾಲುಗಳನ್ನು ಒಂದರ ಕೆಳಗೊಂದು ಕೊಡುತ್ತಾರೆ. ‘ಇನ್ಸರ್ಟ್ ಟೇಬಲ್’ ಅಂತ ಒಂದು ಕಡೆ, ‘ಬುಕ್ ಎ ಟೇಬಲ್’ ಅಂತ ಇನ್ನೊಂದು ಕಡೆ. ಸಂದರ್ಭ ಗೊತ್ತಿಲ್ಲದಿದ್ದರೆ ಬರವಣಿಗೆಯ ತಂತ್ರಾಂಶದಲ್ಲಿ ‘ಮೇಜು ಸೇರಿಸಿ’ ಅಂತ ಬರುತ್ತದೆ, ಹೋಟೆಲಿನ ಆ್ಯಪ್‌ನಲ್ಲಿ ‘ಕೋಷ್ಟಕ ಕಾಯ್ದಿರಿಸಿ’ ಅಂತ ಬರುತ್ತದೆ. ಇದು ಅನುವಾದಕರ ತಪ್ಪಲ್ಲ. ಕೆಲಸ ಕೊಡುವವರು ಪ್ರತಿ ಸಾಲಿನ ಪಕ್ಕ ಒಂದು ಟಿಪ್ಪಣಿ ಇಡಬೇಕು: ಇದು ಪೀಠೋಪಕರಣ, ಇದು ಅಡ್ಡಸಾಲು ಕಂಬಸಾಲಿನದ್ದು. ಎರಡು ಪದದ ಟಿಪ್ಪಣಿ ಸಾಕು.

ಇನ್ನೊಂದು. ‘ಡ್ರಾಪ್ ಟೇಬಲ್’ ಅನ್ನುವ ಆದೇಶ ಇದೆ. ಅದರಲ್ಲಿ ಏನೂ ಕೆಳಗೆ ಬೀಳುವುದಿಲ್ಲ. ಕೋಷ್ಟಕ, ಅದರೊಳಗಿನ ಮಾಹಿತಿ, ಎಲ್ಲ ಅಳಿಸಿಹೋಗುತ್ತದೆ. ಕಲಿಕೆಯ ಪುಸ್ತಕದಲ್ಲಿ ‘ಕೋಷ್ಟಕವನ್ನು ಬಿಡಿ’ ಅಂತ ಬರೆದಿದ್ದರೆ, ಓದಿದವರು ಅದನ್ನು ಮುಟ್ಟಬಾರದು ಅಂದುಕೊಳ್ಳುತ್ತಾರೆ. ‘ಅಳಿಸಿ’ ಅಂತಲೇ ಇರಲಿ. ಇಲ್ಲಿ ಪದ ಹೆಚ್ಚುಕಮ್ಮಿ ಆದರೆ ಮಾಹಿತಿಯೇ ಹೋಗುತ್ತದೆ.

ಅಂತರ್ಜಲ_ಓದು

‘ನೀರಿನ ಕೋಷ್ಟಕ’ ನೋಡಿ ನಿಜಕ್ಕೂ ಸಂಕಟ ಆಯಿತು. ‘ವಾಟರ್ ಟೇಬಲ್’ಗೆ ‘ಅಂತರ್ಜಲ ಮಟ್ಟ’ ಅಂತ ಎಲ್ಲರಿಗೂ ತಿಳಿದ ಪದ ಇದೆ. ಆದರೆ ಅದರ ಅರ್ಥ ಏನು ಅಂತಲೂ ಸ್ವಲ್ಪ ಹೇಳುತ್ತೇನೆ. ಟೇಬಲ್ ಅನ್ನುವ ಪದವೇ ಇಲ್ಲಿ ತಪ್ಪು ಚಿತ್ರ ಕೊಡುತ್ತದೆ.

ನೆಲದೊಳಗೆ ಕೆರೆಯಂತೆ ನೀರು ನಿಂತಿಲ್ಲ. ಮಣ್ಣಿನ ಕಣಗಳ ನಡುವೆ, ಬಂಡೆಯ ಬಿರುಕುಗಳಲ್ಲಿ ಸಣ್ಣ ಸಣ್ಣ ಸಂದುಗಳಿವೆ. ಮೇಲ್ಭಾಗದ ಸಂದುಗಳಲ್ಲಿ ಗಾಳಿ, ತೇವ ಎರಡೂ ಇರುತ್ತವೆ. ಕೆಳಗೆ ಹೋದ ಹಾಗೆ ಒಂದು ಆಳದಲ್ಲಿ ಎಲ್ಲ ಸಂದುಗಳೂ ನೀರಿನಿಂದ ತುಂಬಿಬಿಡುತ್ತವೆ. ಹಾಗೆ ಪೂರ್ತಿ ತುಂಬಿದ ಭಾಗದ ಮೇಲ್ಮೈಯೇ ವಾಟರ್ ಟೇಬಲ್.

ಹೆಸರು ಟೇಬಲ್ ಆದರೂ ಅದು ಸಮತಟ್ಟಾಗಿಲ್ಲ. ನೆಲ ಏರಿದಲ್ಲಿ ಅದೂ ಸ್ವಲ್ಪ ಏರುತ್ತದೆ, ಇಳಿದಲ್ಲಿ ಇಳಿಯುತ್ತದೆ. ನೆಲದ ತಗ್ಗು ಅದನ್ನು ಮುಟ್ಟಿದ ಕಡೆ ಒರತೆ, ಹೊಳೆ, ಕೆರೆ ಕಾಣಿಸಿಕೊಳ್ಳುತ್ತವೆ. ಒಂದು ಬಾವಿಯಿಂದ ಜೋರಾಗಿ ಪಂಪ್ ಮಾಡಿದರೆ ಆ ಬಾವಿಯ ಸುತ್ತ ಅದು ಆಲಿಕೆಯ ಆಕಾರದಲ್ಲಿ ತಗ್ಗುತ್ತದೆ. ಪಕ್ಕದ ಬಾವಿ ಬತ್ತುವುದು ಇದರಿಂದಲೇ. ಓದುಗರು ಚಪ್ಪಟೆ ಮೇಜನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಇದು ಯಾವುದೂ ಅರ್ಥ ಆಗುವುದಿಲ್ಲ. ನಮ್ಮ ‘ಮಟ್ಟ’ ಅನ್ನುವ ಪದ ಇಂಗ್ಲಿಷಿಗಿಂತ ಇಲ್ಲಿ ಎಷ್ಟೋ ವಾಸಿ.

ಹೊಸ_ಓದುಗ

ಕೊಳವೆಬಾವಿಯಲ್ಲಿ ನೀರು ಎಷ್ಟು ಆಳಕ್ಕಿದೆಯೋ ಅದೇ ಅಂತರ್ಜಲ ಮಟ್ಟ ಅಂತ ತಿಳಿಯಬಹುದಾ?

ಅಂತರ್ಜಲ_ಓದು

ಎಲ್ಲ ಕಡೆ ಅಲ್ಲ. ತೆರೆದ ಬಾವಿಯಲ್ಲಿ, ಪಂಪ್ ಮಾಡದೆ ಬಿಟ್ಟಾಗ ನಿಂತ ನೀರು ಸಾಮಾನ್ಯವಾಗಿ ಅದನ್ನೇ ತೋರಿಸುತ್ತದೆ. ಆಳದ ಕೊಳವೆಬಾವಿ ಬೇರೆ. ನೀರು ಬಿಡದ ಗಟ್ಟಿ ಪದರದ ಕೆಳಗೆ ಒತ್ತಡದಲ್ಲಿ ಸಿಕ್ಕಿಕೊಂಡ ನೀರನ್ನು ಅದು ಮುಟ್ಟಿದ್ದರೆ, ಆ ನೀರು ಕೊಳವೆಯಲ್ಲಿ ಮೇಲೇರಿ ನಿಲ್ಲುತ್ತದೆ. ಕೆಲವು ಕಡೆ ನೆಲದ ಮೇಲಕ್ಕೇ ಉಕ್ಕುತ್ತದೆ. ಅದು ಒತ್ತಡದ ಮಟ್ಟ, ವಾಟರ್ ಟೇಬಲ್ ಅಲ್ಲ. ಇಂಗ್ಲಿಷ್ ಲೇಖನದಲ್ಲಿ ಎರಡಕ್ಕೂ ಬೇರೆ ಪದ ಬಂದಿದ್ದರೆ ಕನ್ನಡದಲ್ಲೂ ಬೇರೆ ಮಾಡಿ ಬರೆಯಿರಿ.

ಇನ್ನೊಂದು ‘ವಾಟರ್ ಟೇಬಲ್’ ಇದೆ. ಕಟ್ಟಡದವರದ್ದು. ಗೋಡೆಯ ಕೆಳಭಾಗದಲ್ಲಿ ಸ್ವಲ್ಪ ಹೊರಚಾಚಿ, ಇಳಿಜಾರಾಗಿ ಕಟ್ಟುವ ಅಂಚು ಅದು. ಮಳೆನೀರು ಗೋಡೆಗುಂಟ ಪಾಯಕ್ಕೆ ಇಳಿಯದೆ ಹೊರಗೆ ತೊಟ್ಟಿಕ್ಕಲಿ ಅಂತ. ಹಳೆಯ ಕಟ್ಟಡಗಳ ವರ್ಣನೆಯಲ್ಲಿ ಇದು ಬಂದಾಗ ‘ಅಂತರ್ಜಲ’ ಅಂತ ಬರೆದುಬಿಡಬೇಡಿ. ‘ಮಳೆನೀರು ತಡೆಯುವ ಅಂಚು’ ಅಂದರೆ ಸಾಕು.

ಸಂಗೀತದ_ಕಿವಿ

ವಯಲಿನ್ ಮಾಡುವವರ ಭಾಷೆಯಲ್ಲೂ ಟೇಬಲ್ ಇದೆ. ವಾದ್ಯದ ಮುಂಭಾಗದ ತೆಳು ಹಲಗೆಗೆ ಬ್ರಿಟಿಷರು ಟೇಬಲ್ ಅನ್ನುತ್ತಾರೆ. ಸಾಮಾನ್ಯವಾಗಿ ಸ್ಪ್ರೂಸ್ ಮರದ್ದು. ಹಿಂಬದಿ ಮೇಪಲ್ ಮರದ್ದು. ತಂತಿಯ ಕಂಪನ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಮೂಲಕ ಈ ಹಲಗೆಗೆ ಇಳಿದು ನಾದ ದೊಡ್ಡದಾಗುತ್ತದೆ. ಇದು ಮೇಲೆ ನಿಘಂಟಿನವರು ಹೇಳಿದ ಹಲಗೆಯ ಮೂಲ ಅರ್ಥವೇ ಅಲ್ವಾ? ಕನ್ನಡದಲ್ಲಿ ‘ಮೇಲ್ಹಲಗೆ’ ಅಂದರೆ ಸರಿಹೊಂದುತ್ತದೆ.

ಒಂದು ಅನುಮಾನ ಇತ್ತು. ತಬಲಾಗೂ ಇದಕ್ಕೂ ಸಂಬಂಧ ಇದೆಯಾ?

ಹಳೆ_ನಿಘಂಟು

ಇಲ್ಲ. ತಬಲಾ ಅರಬ್ಬಿಯ ‘ತಬ್ಲ್’ನಿಂದ ಬಂದದ್ದು, ಅದರ ಅರ್ಥ ಚರ್ಮವಾದ್ಯ. ಕಿವಿಗೆ ಒಂದೇ ತರ ಕೇಳುತ್ತದೆ ಅಷ್ಟೇ.

ನಿಜವಾದ ಸಂಬಂಧಿಕರು ಬೇರೆ ಇದ್ದಾರೆ. ಮಾತ್ರೆಗೆ ಹೇಳುವ ‘ಟ್ಯಾಬ್ಲೆಟ್’ ಅಂದರೆ ಸಣ್ಣ ಹಲಗೆ. ಕೈಯಲ್ಲಿ ಹಿಡಿಯುವ ಟ್ಯಾಬ್ಲೆಟ್ ಕಂಪ್ಯೂಟರಿನ ಹೆಸರು ಬರೆಯುವ ಹಲಗೆಯ ಅರ್ಥಕ್ಕೆ ವಾಪಸ್ ಹೋಗಿದೆ. ಶಿಲಾಫಲಕವೂ ಟ್ಯಾಬ್ಲೆಟ್, ಜೇಡಿಮಣ್ಣಿನ ಬರವಣಿಗೆಯ ಫಲಕವೂ ಟ್ಯಾಬ್ಲೆಟ್. ‘ಟ್ಯಾಬ್ಲಾಯ್ಡ್’ ಕಥೆ ಇನ್ನೂ ಚೆನ್ನಾಗಿದೆ. 1884ರಲ್ಲಿ ಲಂಡನ್ನಿನ ಬರೋಸ್ ವೆಲ್ಕಮ್ ಎಂಬ ಔಷಧ ಕಂಪನಿ ಒತ್ತಿ ಗಟ್ಟಿ ಮಾಡಿದ ಮಾತ್ರೆಗಳಿಗೆ ಈ ಹೆಸರನ್ನು ನೋಂದಾಯಿಸಿತು. ಚಿಕ್ಕದಾಗಿ ಒತ್ತಿಟ್ಟ ಯಾವುದಕ್ಕೂ ಜನ ಆ ಪದ ಬಳಸತೊಡಗಿದರು. 1901ರ ಜನವರಿ 1ರಂದು ಆಲ್‌ಫ್ರೆಡ್ ಹಾರ್ಮ್ಸ್‌ವರ್ತ್ ನ್ಯೂಯಾರ್ಕಿನ ಒಂದು ಪತ್ರಿಕೆಯನ್ನು ಒಂದು ದಿನದ ಮಟ್ಟಿಗೆ ಅರ್ಧ ಗಾತ್ರದಲ್ಲಿ, ಚುಟುಕು ಸುದ್ದಿಗಳೊಂದಿಗೆ ತಂದರು, ಅದನ್ನು ಟ್ಯಾಬ್ಲಾಯ್ಡ್ ಅಂದರು. ಮಾತ್ರೆಯ ಹೆಸರು ಪತ್ರಿಕೆಗೆ ಬಂದದ್ದು ಹೀಗೆ.

ಕರಡು ಅಮ್ಮನವರ ಮೂರನೇ ವಾಕ್ಯಕ್ಕೂ ಉತ್ತರ ಕೊಟ್ಟುಬಿಡುತ್ತೇನೆ. ‘ಟರ್ನ್ ದಿ ಟೇಬಲ್ಸ್’ನಲ್ಲಿ ಇರುವುದು ಮೇಜಲ್ಲ. ಬ್ಯಾಕ್‌ಗ್ಯಾಮನ್ ಜಾತಿಯ ಪಗಡೆ ಆಟಗಳಿಗೆ ಇಂಗ್ಲಿಷಿನಲ್ಲಿ ‘ಟೇಬಲ್ಸ್’ ಅಂತಲೇ ಹೆಸರಿತ್ತು. ಆಟದ ಹಲಗೆಯನ್ನು ತಿರುಗಿಸಿ ಇಟ್ಟರೆ ಸೋಲುತ್ತಿದ್ದವನ ಕಡೆ ಗೆಲ್ಲುವ ಕಾಯಿಗಳು ಬರುತ್ತವೆ. ಅದೇ ಅರ್ಥ. ಕನ್ನಡದಲ್ಲಿ ‘ಆಟವನ್ನೇ ತಿರುಗಿಸಿತು’, ‘ಬಾಜಿ ತಿರುಗಿತು’, ‘ಸೋಲುವ ಪಂದ್ಯವನ್ನು ಗೆದ್ದುಕೊಂಡಿತು’, ಯಾವುದು ಬೇಕೋ ಅದು.

ಕರಡು_ತಿದ್ದುವವಳು

ನುಡಿಗಟ್ಟುಗಳ ವಿಷಯ ಬಂತಲ್ಲ, ನಾನು ಹೇಗೆ ತಿದ್ದುತ್ತೇನೆ ಅಂತ ಬರೆಯುತ್ತೇನೆ. ‘ಅಂಡರ್ ದಿ ಟೇಬಲ್’ ದುಡ್ಡು ಅಂದರೆ ‘ಕದ್ದುಮುಚ್ಚಿ ಕೊಟ್ಟ ಹಣ’, ಸಂದರ್ಭ ನೋಡಿ ‘ಲಂಚ’. ‘ಪುಟ್ ಫುಡ್ ಆನ್ ದಿ ಟೇಬಲ್’ ಅಂದರೆ ‘ಸಂಸಾರ ತೂಗಿಸುವುದು’. ‘ಆಲ್ ಆಪ್ಷನ್ಸ್ ಆರ್ ಆನ್ ದಿ ಟೇಬಲ್’ ಅಂತ ಯಾವುದೋ ದೇಶದ ಮಂತ್ರಿ ಹೇಳಿದರೆ ಅದು ಬೆದರಿಕೆ. ‘ಎಲ್ಲ ಆಯ್ಕೆಗಳೂ ಮೇಜಿನ ಮೇಲಿವೆ’ ಅಂದರೆ ಆ ಬಿಸಿ ಹೋಗುತ್ತದೆ. ‘ಯಾವ ಕ್ರಮಕ್ಕೂ ಹಿಂಜರಿಯುವುದಿಲ್ಲ’ ಅಂದರೆ ಬರುತ್ತದೆ. ‘ಎ ಸೀಟ್ ಅಟ್ ದಿ ಟೇಬಲ್’ ಅಂದರೆ ತೀರ್ಮಾನ ಆಗುವ ಕಡೆ ನಮ್ಮ ಮಾತಿಗೂ ಬೆಲೆ ಇರಬೇಕು ಅಂತ. ಕುರ್ಚಿಯ ಮಾತೇ ಬೇಡ.

ಒಟ್ಟಿನಲ್ಲಿ ನುಡಿಗಟ್ಟಿನಲ್ಲಿ ಮೇಜು ಇರಲೇಬಾರದು ಅನ್ನುವುದು ನನ್ನ ನಿಯಮ.

ಸದನ_ವರದಿ

ಇದನ್ನು ನಾನು ಒಪ್ಪುವುದಿಲ್ಲ ಮೇಡಂ. ಪತ್ರಿಕೆಗಳಲ್ಲಿ ‘ಸಂಧಾನದ ಮೇಜು’, ‘ಮಾತುಕತೆಯ ಮೇಜು’ ಎಷ್ಟೋ ಕಾಲದಿಂದ ಬರುತ್ತಿವೆ. ಓದುಗರಿಗೆ ತೊಡಕಾಗಿಲ್ಲ. 1930ರಿಂದ 1932ರವರೆಗೆ ಲಂಡನ್ನಿನಲ್ಲಿ ನಡೆದ ಸಮ್ಮೇಳನಗಳನ್ನು ಶಾಲೆಯ ಪುಸ್ತಕಗಳಲ್ಲೇ ‘ದುಂಡುಮೇಜಿನ ಸಮ್ಮೇಳನ’ ಅಂತ ಓದಿದ್ದೇವೆ. ಅದನ್ನು ಈಗ ಬೇರೆ ಮಾಡಲು ಹೋದರೆ ಇತಿಹಾಸದ ಹೆಸರೇ ಕಳೆದುಹೋಗುತ್ತದೆ. ಜೊತೆಗೆ ಅಲ್ಲಿ ಮೇಜಿಗೆ ಅರ್ಥ ಇದೆ. ಉದ್ದ ಮೇಜಿಗೆ ತಲೆ ಇರುತ್ತದೆ, ತಲೆಯ ಕಡೆ ದೊಡ್ಡವರು ಕೂರುತ್ತಾರೆ. ದುಂಡು ಮೇಜಿಗೆ ತಲೆ ಇಲ್ಲ. ಆರ್ಥರ್ ರಾಜನ ಕಥೆಗೆ ದುಂಡು ಮೇಜನ್ನು ಮೊದಲು ತಂದ ಕವಿ ವಾಸ್, 1155ರಲ್ಲಿ, ಹೇಳಿದ್ದೂ ಅದೇ: ಸುತ್ತ ಕೂತವರಲ್ಲಿ ಯಾರೂ ಮೇಲಲ್ಲ, ಕೆಳಗಲ್ಲ.

ಮೇಜಿನ ಸುತ್ತ ಜನ ನಿಜವಾಗಿ ಕೂರುವ ಚಿತ್ರ ಇದ್ದಲ್ಲಿ ಮೇಜು ಇರಲಿ. ಬರೀ ಮಾತಿನ ತಿರುವು ಇದ್ದಲ್ಲಿ ಬಿಡೋಣ.

ಕರಡು_ತಿದ್ದುವವಳು

ನೀವು ಹೇಳಿದ ಗೆರೆ ನನ್ನ ನಿಯಮಕ್ಕಿಂತ ಚೆನ್ನಾಗಿದೆ. ‘ಸಂಧಾನದ ಮೇಜು’ ಇರಲಿ. ‘ಮೇಜಿಗೆ ಏನು ತರುತ್ತೀರಿ’ ಮಾತ್ರ ಬೇಡ. ಅಲ್ಲಿ ‘ನಿಮ್ಮಿಂದ ನಮಗೇನು ಅನುಕೂಲ’ ಅಂತ ಕೇಳಿದರೆ ನೇರವಾಗಿ ಮುಟ್ಟುತ್ತದೆ.

ಭೂಪಟ_ಪ್ರಿಯ

ಭೂಗೋಳದ್ದು ಬಿಟ್ಟುಹೋಗಿದೆ. ‘ಟೇಬಲ್‌ಲ್ಯಾಂಡ್’ ಅಂದರೆ ಪ್ರಸ್ಥಭೂಮಿ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಮೇಲಿರುವ ‘ಟೇಬಲ್ ಮೌಂಟನ್’ 1,086 ಮೀಟರ್ ಎತ್ತರ, ತಲೆ ಚಪ್ಪಟೆ. ಅದರ ಮೇಲೆ ಹರಡುವ ಬಿಳಿ ಮೋಡಕ್ಕೆ ಅಲ್ಲಿನವರು ಮೇಜುಬಟ್ಟೆ ಅನ್ನುತ್ತಾರೆ. 1751ರಲ್ಲಿ ಅಲ್ಲಿಗೆ ಹೋಗಿ ದಕ್ಷಿಣದ ಆಕಾಶ ಅಳೆದ ಫ್ರೆಂಚ್ ಖಗೋಳಜ್ಞ ಲಕಾಯ್ ಒಂದು ನಕ್ಷತ್ರಪುಂಜಕ್ಕೆ ಈ ಬೆಟ್ಟದ ಹೆಸರಿಟ್ಟರು. ಅದೇ ಇಂದಿನ ‘ಮೆನ್ಸಾ’. ದೊಡ್ಡ ಮೆಗೆಲಾನಿಕ್ ಮೋಡ ಅನ್ನುವ ಗ್ಯಾಲಕ್ಸಿಯ ಒಂದು ಭಾಗ ಅದರ ಮೇಲೆ ಚಾಚಿಕೊಂಡಿದೆ. ಬೆಟ್ಟಕ್ಕೂ ಮೋಡ, ಪುಂಜಕ್ಕೂ ಮೋಡ!

ಇಂಥ ಹೆಸರುಗಳನ್ನು ಅನುವಾದ ಮಾಡದೆ ‘ಟೇಬಲ್ ಮೌಂಟನ್’ ಅಂತಲೇ ಬಿಡಬೇಕು. ಬೇಕಾದರೆ ಒಂದು ಸಾಲಿನಲ್ಲಿ ಅರ್ಥ ಹೇಳಬಹುದು.

ಅಡುಗೆ_ಅಳತೆ

ಸಣ್ಣ ಮಾತು, ಆದರೆ ಗಮನ ಇಡಿ. ‘ಟೇಬಲ್‌ಸ್ಪೂನ್’ ಬಹುತೇಕ ಕಡೆ 15 ಮಿಲಿ, ಆಸ್ಟ್ರೇಲಿಯಾದಲ್ಲಿ 20 ಮಿಲಿ. ಟೀಸ್ಪೂನ್ 5 ಮಿಲಿ. ಎರಡನ್ನೂ ಸುಮ್ನೆ ‘ಚಮಚ’ ಅಂತ ಬರೆದರೆ ಅಡುಗೆ ಕೆಟ್ಟೀತು, ಔಷಧಿಯಾದರೆ ಅಪಾಯ. ‘ದೊಡ್ಡ ಚಮಚ, 15 ಮಿಲಿ’ ಅಂತ ಅಳತೆ ಸಮೇತ ಬರೆಯಿರಿ.

ಆರೋಗ್ಯ_ಬರಹ

ತಡವಾಗಿ ಬಂದೆ, ಒಂದು ಸಹಾಯ ಬೇಕು. ತಲೆಗೆ ಪೆಟ್ಟಾದವರ ಆರೈಕೆಯ ಬಗ್ಗೆ ಒಂದು ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ತಲೆಬುರುಡೆಯ ‘ಔಟರ್ ಟೇಬಲ್’, ‘ಇನ್ನರ್ ಟೇಬಲ್’ ಅಂತ ಬರುತ್ತದೆ. ಇಲ್ಲಿ ಯಾವ ಅರ್ಥ?

ಹಳೆ_ನಿಘಂಟು

ಮತ್ತೆ ಹಲಗೆಯ ಅರ್ಥವೇ. ತಲೆಬುರುಡೆಯ ಮೂಳೆ ಒಂದೇ ಗಟ್ಟಿ ಪದರ ಅಲ್ಲ. ಹೊರಗೊಂದು, ಒಳಗೊಂದು ಗಟ್ಟಿ ಪದರ, ನಡುವೆ ರಂಧ್ರಗಳಿರುವ ಮೆದು ಮೂಳೆ. ಆ ಎರಡು ಗಟ್ಟಿ ಪದರಗಳಿಗೆ ಟೇಬಲ್ ಅನ್ನುತ್ತಾರೆ. ‘ಹೊರಪದರ’, ‘ಒಳಪದರ’ ಅಂತ ಬರೆಯಿರಿ. ಒಳಪದರ ತೆಳು, ಬೇಗ ಒಡೆಯುತ್ತದೆ. ಹಾಗಾಗಿ ಎರಡನ್ನೂ ಅದಲುಬದಲು ಮಾಡದೆ ನೋಡಿಕೊಳ್ಳಿ.

ಆರೋಗ್ಯ_ಬರಹ

ತುಂಬಾ ಧನ್ಯವಾದ. ಅದೇ ಪುಟದ ಕೆಳಗೆ ‘ಆಪರೇಟಿಂಗ್ ಟೇಬಲ್’ ಕೂಡ ಇದೆ. ಅದು ಶಸ್ತ್ರಚಿಕಿತ್ಸೆಯ ಮೇಜು, ಅದರಲ್ಲಿ ಅನುಮಾನ ಇಲ್ಲ. ಮೊದಲಿನ ಎರಡಕ್ಕೂ ಪದರ ಅಂತ ಹಾಕಿ ಇವತ್ತೇ ಕಳಿಸುತ್ತೇನೆ.